ಖಾಲಿ ಜಾಗ ಎಂದು ಬರೆದವರು

ಕಿರ್, ಕಿರ್, ಕಿರ್. ಟ್ರೇಸಿಂಗ್ ಶೀಟಿನ ಮೇಲೆ ಅರ್ಧ ಮುರಿದ ಬ್ಲೇಡು ಆಡುವ ಸದ್ದು. ಹೊರಗೆ ಬೀದಿಯುದ್ದಕ್ಕೂ ಪವರ್‌ಲೂಮುಗಳು ದಡಬಡ ಅನ್ನುತ್ತಿದ್ದವು. ದೊಡ್ಡಬಳ್ಳಾಪುರದಲ್ಲಿ ಅದನ್ನು ಯಾರೂ ಸದ್ದೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಷ್ಟರ ನಡುವೆಯೂ ಆ ಸಣ್ಣ ಕೆರೆತ ನನ್ನ ಕಿವಿಗೆ ಬಿತ್ತು. ನಾನು ಬೆಂಗಳೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು, ಕೇಳಿಸಿಕೊಳ್ಳುವುದೇ ನನ್ನ ಕಸುಬು. ಮೇಜಿನ ಮೇಲೆ ಬಾಗಿದ್ದ ಮನುಷ್ಯ ತಲೆ ಎತ್ತದೆ, "ಎರಡು ನಿಮಿಷ ಕೂತ್ಕೊಳಿ ಸಾರ್, ಕೂತ್ಕೊಳಿ ಅಮ್ಮ. ಒಂದು ಗೋಡೆ ಒಡೀತಾ ಇದೀನಿ" ಅಂದರು.

ನನ್ನ ಯಜಮಾನರು ಗಾಬರಿಯಿಂದ ಸುತ್ತಲ ಗೋಡೆ ನೋಡಿದರು. ಆಮೇಲೆ ಅರ್ಥವಾಯಿತು. ತಪ್ಪಾಗಿ ಎಳೆದ ಇಂಕಿನ ಗೆರೆಯೊಂದನ್ನು ಅವರು ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದರು. ತೆಗೆದ ಮೇಲೆ ಹೆಬ್ಬೆರಳ ಉಗುರಿನಿಂದ ಆ ಜಾಗವನ್ನು ನುಣ್ಣಗೆ ಉಜ್ಜಿ, ಬಾಯಿಂದ ಊದಿ, ನಮ್ಮ ಕಡೆ ತಿರುಗಿ ಕೇಳಿದ ಮೊದಲ ಪ್ರಶ್ನೆ ಸೈಟಿನ ಅಳತೆಯದಲ್ಲ, ರೂಮುಗಳ ಲೆಕ್ಕವಲ್ಲ. "ಮನೇಲಿ ಮಂಡಿ ನೋವು ಯಾರಿಗಿದೆ?"

ಮೂವತ್ತು ವರ್ಷದ ಮೇಲಾಯಿತು. ಹೋದ ವಾರ ಅವರು ತೀರಿಕೊಂಡರೆಂದು ಫೋನ್ ಬಂತು. ಸಮೇತನಹಳ್ಳಿಯಲ್ಲಿ, ಮಗಳ ಮನೆಯಲ್ಲಿ. ಅವರ ಸಾವು ನನಗೆ ಶಾಕ್ ಆಗಲಿಲ್ಲ. ನನಗಿಂತ ಐದಾರು ವರ್ಷ ದೊಡ್ಡವರು, ನಾನೂ ಕ್ಯೂನಲ್ಲೇ ಇದ್ದೇನೆ. ಆದರೆ ಸಾಯುವ ಮುಂಚಿನ ವರ್ಷ ಅವರು ಮಾಡಿದ್ದಿದೆಯಲ್ಲ, ಅದರಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ. ಈ ವಯಸ್ಸಿನಲ್ಲಿ ಮನುಷ್ಯರು ನಮ್ಮನ್ನು ಇಷ್ಟು ಬೆಚ್ಚಿಬೀಳಿಸಬಾರದು. ಇಟ್ ಈಸ್ ನಾಟ್ ಫೇರ್.

ಅವರ ಹೆಸರು ಬರೆಯುವುದಿಲ್ಲ. ಅವರಿಗೆ ಇಷ್ಟವಾಗುತ್ತಿರಲಿಲ್ಲ. ಊರಿನವರು ಅವರನ್ನು ಪ್ಲಾನಪ್ಪ ಅನ್ನುತ್ತಿದ್ದರು, ಎದುರಿಗೆ ಪ್ಲಾನಪ್ಪೋರು. ನನ್ನ ಯಜಮಾನರು ಮಾತ್ರ ಮಿಸ್ಟರ್ ಪ್ಲಾನಪ್ಪ ಅಂದು ತಾವೇ ನಗುತ್ತಿದ್ದರು. ಮನೆ ಕಟ್ಟುವವರು ಸರ್ಕಾರಿ ಆಫೀಸಿನ ಒಪ್ಪಿಗೆಗೆ ಕೊಡಬೇಕಾದ ನಕ್ಷೆಗಳನ್ನು ಅವರು ಬರೆದುಕೊಡುತ್ತಿದ್ದರು. ಜೆರಾಕ್ಸ್ ಅಂಗಡಿಯ ಪಕ್ಕ, ಮೂರು ಮೆಟ್ಟಿಲು ಹತ್ತಿದರೆ ಒಂದು ರೂಮು. ಒಳಗೆ ನಕ್ಷೆಯ ಪ್ರಿಂಟು ತೆಗೆಯುವ ಅಮೋನಿಯಾದ ವಾಸನೆ, ಮೂಲೆಯಲ್ಲಿ ಸುರುಳಿ ಸುತ್ತಿಟ್ಟ ನಕ್ಷೆಗಳು ಕಬ್ಬಿನ ಜಲ್ಲೆಗಳ ಹಾಗೆ. ಅರ್ಧ ತೋಳಿನ ಬಿಳಿ ಷರ್ಟು, ಜೇಬಿನಲ್ಲಿ ಆರಿಂಚಿನ ಸ್ಟೀಲ್ ಸ್ಕೇಲು.

ಅವರ ಹತ್ತಿರ ಬಟ್ಟೆಯ ಟೇಪೊಂದಿತ್ತು. ಅದರ ತುದಿ ಸವೆದು ನೂಲು ಬಿಟ್ಟಿತ್ತು, ಮೊದಲ ಇಂಚು ಎಲ್ಲಿ ಶುರುವಾಗುತ್ತದೆ ಅನ್ನುವುದು ದೇವರಿಗೇ ಗೊತ್ತು. ಹಾಗಾಗಿ ಅವರು ಯಾವಾಗಲೂ ಒಂದಡಿಯ ಗುರುತಿನಿಂದ ಅಳೆದು, ಕೊನೆಗೆ ಒಂದಡಿ ಕಳೆಯುತ್ತಿದ್ದರು. ಹೊಸ ಟೇಪ್ ತಗೊಳ್ಳಬಾರದೇ ಅಂದರೆ, "ಹೊಸದರಲ್ಲಿ ಎಲ್ಲಿ ಮೋಸ ಇದೆ ಅಂತ ಹುಡುಕ್ಬೇಕು. ಇದರದ್ದು ಗೊತ್ತಲ್ಲ" ಅನ್ನುತ್ತಿದ್ದರು.

ಅಳತೆಗೆ ಬಂದರೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಸೈಟು ಸುತ್ತುತ್ತಿದ್ದರು. ಮುಳ್ಳಿದ್ದರೂ ಸರಿ. ನೆಲ ಯಾವ ಕಡೆ ಇಳಿಯುತ್ತದೆ ಅನ್ನುವುದು ಪಾದಕ್ಕೆ ಮೊದಲು ಗೊತ್ತಾಗುತ್ತದಂತೆ. ಒಮ್ಮೆ ಯಾರದೋ ಮನೆಯಲ್ಲಿ ಪಾಯಿಖಾನೆ ಎಲ್ಲಿರಬೇಕೆಂದು ಇಬ್ಬರು ವಾಸ್ತುದವರು ಮಧ್ಯಾಹ್ನದವರೆಗೆ ವಾದ ಮಾಡಿದರಂತೆ. ಇವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಸ್ವಾಮಿ, ನಿಮ್ಮಲ್ಲೊಬ್ರು ಗೆಲ್ಲೋತಂಕ ಮನೆಯೋರು ಎಲ್ಲಿಗೆ ಹೋಗ್ಬೇಕು, ಅದನ್ನಾದ್ರೂ ಹೇಳ್ಬಿಡಿ" ಅಂದರಂತೆ. ಈ ಕತೆಯನ್ನು ನಮ್ಮ ಯಜಮಾನರು ಎಷ್ಟು ಸಲ ಹೇಳಿದ್ದರೋ.

ನಮ್ಮ ಮನೆಯ ನಕ್ಷೆಯನ್ನು ಬರೆದವರು ಅವರೇ. ಸೈಟು ಇಳಿಜಾರಿನದು. ಮುಂದೆ ರಸ್ತೆ, ಹಿಂದೆ ಅಡುಗೆಮನೆ ಬಾಗಿಲಿನಿಂದ ಆರು ಮೆಟ್ಟಿಲು ಇಳಿದರೆ ಹಿತ್ತಲು, ಅದರಾಚೆ ಒಂದು ಒಣ ಹಳ್ಳ, ಹಳ್ಳದಾಚೆ ದೂರದಲ್ಲಿ ಕೆರೆ. ಆ ಹಳ್ಳ ನಿಜಕ್ಕೂ ರಾಜಕಾಲುವೆ. ಮಳೆನೀರನ್ನು ಕೆರೆಗೆ ಒಯ್ಯುವ ದಾರಿ ಎಂದು ಹಳೆಯ ಗ್ರಾಮನಕ್ಷೆಯಲ್ಲಿ ಜೋಡಿ ಗೆರೆ ಇದೆಯಂತೆ. ಆದರೆ ಲೇಔಟ್ ಮಾಡಿದವನು ಸೈಟುಗಳನ್ನು ಅದರ ಮೇಲೂ ಒಂದಿಷ್ಟು ಎಳೆದುಬಿಟ್ಟಿದ್ದ. ನಮ್ಮ ಸೈಟಿನ ಕೊನೆಯ ಹತ್ತಡಿ ಹಳ್ಳದ ಒಳಗೇ ಇತ್ತು. ಕಾಲುವೆ ಎಂದು ಬರೆದರೆ ಪ್ಲಾನ್ ಪಾಸಾಗುವುದಿಲ್ಲ. ಅದಕ್ಕೆ ಆ ಕಾಲದಲ್ಲಿ ನಮ್ಮ ಕಡೆ ಎಲ್ಲರೂ ಮಾಡುತ್ತಿದ್ದದ್ದು ಒಂದೇ: ನಕ್ಷೆಯಲ್ಲಿ ಹಳ್ಳ ಇರುವ ಕಡೆ 'ಖಾಲಿ ಜಾಗ' ಎಂದು ಬರೆಯುವುದು. ಬರೆಸುವವರು ಕೇಳುತ್ತಿರಲಿಲ್ಲ, ಬರೆಯುವವರು ಹೇಳುತ್ತಿರಲಿಲ್ಲ, ಸೀಲು ಹಾಕುವವರು ನೋಡುತ್ತಿರಲಿಲ್ಲ. ನೀರೂ ಬರುತ್ತಿರಲಿಲ್ಲ, ಅದನ್ನೂ ಹೇಳಬೇಕು.

ಯಜಮಾನರು ಹೋದ ಮೇಲೆ ನನ್ನ ತಂಗಿ ಬಂದು ನನ್ನ ಜೊತೆ ಇದ್ದಾಳೆ. ನಾವಿಬ್ಬರೂ ತೂಬಗೆರೆ ಕಡೆಯ ಬೇಸಾಯದ ಮನೆಯವರು. ನಮ್ಮಪ್ಪ ಯಾರದೋ ಮಾತು ಕೇಳಿ ನಮ್ಮನ್ನು ಬೆಂಗಳೂರಿನ ಕಾನ್ವೆಂಟ್ ಹಾಸ್ಟೆಲಿಗೆ ಹಾಕಿದ. ಅಲ್ಲಿ ನಾನು ಇಂಗ್ಲಿಷ್ ಕಲಿತೆ, ತಂಗಿ ನಗುವುದನ್ನು ಕಲಿತಳು. ಎರಡು ವರ್ಷದ ಹಿಂದೆ ಅವಳಿಗೆ ಸ್ಟ್ರೋಕ್ ಆಯಿತು. ಎಡಗಾಲು ಹೋಯಿತು, ನಗು ಉಳಿಯಿತು. ಮುಂಬಾಗಿಲಿಗೆ ಲಾರಿಗಳ ಧೂಳು. ಹಿಂದಿನ ಆರು ಮೆಟ್ಟಿಲು ಅವಳಿಗೆ ಆರು ಬೆಟ್ಟ. ಒಂದು ವರ್ಷ ಪೂರ್ತಿ ಅವಳು ಆಕಾಶವನ್ನು ಕಿಟಕಿಯ ಸರಳುಗಳ ನಡುವೆಯೇ ನೋಡಿದಳು.

ಆಗ ನನಗೆ ಹೊಳೆದದ್ದು ಡೆಕ್. ಅಡುಗೆಮನೆ ಬಾಗಿಲಿನ ಮಟ್ಟಕ್ಕೇ, ಕಬ್ಬಿಣದ ಕಂಬಗಳ ಮೇಲೆ ಮರದ ಹಲಗೆ ಹಾಸಿದ ತೆರೆದ ಜಗಲಿ. ವಾಕರ್ ಹಿಡಿದು ಮೆಟ್ಟಿಲಿಲ್ಲದೆ ನೇರ ಹೊರಗೆ ಹೋಗಬಹುದು. ದಾಬಸ್‌ಪೇಟೆಯಿಂದ ಫ್ಯಾಬ್ರಿಕೇಷನ್ ಕೆಲಸದವನೊಬ್ಬ ಬಂದು ನೋಡಿದ. "ನಮ್ಮತ್ರ ರೆಡಿಮೇಡ್ ಡಿಸೈನ್ ಇದೆ ಮೇಡಂ, ಆದ್ರೆ ನಿಮ್ಮ ಇಳಿಜಾರಿಗೆ ಕೂರಲ್ಲ. ಅಳತೆ ತೆಗ್ಸಿ ಬೇರೆ ಪ್ಲಾನ್ ಬರೆಸಿ. ಆಮೇಲೆ ಆಫೀಸಲ್ಲಿ ಪಾಸು ಮಾಡ್ಸಿ ಕೊಡಿ. ಹೋದ್ಸಲ ಪಾಸಿಲ್ದೆ ಹಾಕ್ದೆ, ಅಕ್ಕಪಕ್ಕದೋರು ಕಂಪ್ಲೇಂಟ್ ಕೊಟ್ಟು ಬಿಚ್ಚಿಸ್ಬಿಟ್ರು" ಅಂದ. ಹಿತ್ತಲಿಗಿಳಿದು ಹೆಜ್ಜೆ ಹಾಕಿ ಎಣಿಸಿ, "ಖಾಲಿ ಜಾಗ ತಾನೇ, ಇಪ್ಪತ್ತಡಿ ಎಳೀಬಹುದು. ತುದೀಲಿ ಕೂತ್ರೆ ಕೆರೆ ಪೂರ್ತಿ ಕಾಣುತ್ತೆ" ಅಂತಲೂ ಸೇರಿಸಿದ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಪ್ಲಾನಪ್ಪನವರನ್ನು ಹುಡುಕಿಕೊಂಡು ಹೋದೆ. ರೂಮು ಅದೇ, ಅಮೋನಿಯಾ ವಾಸನೆ ಇರಲಿಲ್ಲ. ಈಗೆಲ್ಲ ಕಂಪ್ಯೂಟರಿನಲ್ಲೇ ಬರೆಯಬೇಕು, ನೋಂದಾಯಿತ ಇಂಜಿನಿಯರೇ ಸಹಿ ಮಾಡಿ ಆನ್‌ಲೈನಿನಲ್ಲಿ ಹಾಕಬೇಕು. ಅದಕ್ಕೆ ಅವರು ರೂಮಿನ ಅರ್ಧವನ್ನು ಒಬ್ಬ ಮಹಿಳಾ ಇಂಜಿನಿಯರಿಗೆ ಬಿಟ್ಟುಕೊಟ್ಟಿದ್ದರು. ಇವರು ಅಳೆದು ಪೆನ್ಸಿಲಿನಲ್ಲಿ ಬರೆದುಕೊಡುವುದು, ಆಕೆ ಅದನ್ನು ಕಂಪ್ಯೂಟರಿಗೆ ಏರಿಸುವುದು. ಆಕೆಗೆ ಮೂವತ್ತೈದರ ಆಸುಪಾಸು, ಚುರುಕು. ನಾನು ಡೆಕ್ ಅಂದ ಕೂಡಲೇ ಆಕೆಗೆ ತಿಳಿಯಿತು. ಪ್ಲಾನಪ್ಪನವರು ಮಾತ್ರ ಕನ್ನಡಕ ಏರಿಸಿ ಕೇಳಿದರು:

"ಅಂದ್ರೆ, ಹೊಲ ಕಾಯೋರು ಹಾಕ್ಕೊಳ್ತಾರಲ್ಲ ಅಟ್ಟಣೆ, ಅದರ ತರಾನಾ?"

"ಹಾಗೇ ಅಂದ್ಕೊಳ್ಳಿ."

"ಹಕ್ಕಿ ಓಡ್ಸೋಕಾ?"

"ನನ್ನ ತಂಗಿ ಹಕ್ಕಿ ನೋಡೋಕೆ."

ಮಾರನೆಯ ದಿನವೇ ಬಂದರು. ಚಪ್ಪಲಿ ಬಿಟ್ಟು ಹಿತ್ತಲು ಸುತ್ತಿದರು. ತಂಗಿಯನ್ನು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ಅವಳ ಮೊಣಕೈ ಎತ್ತರ, ವಾಕರಿನ ಅಗಲ, ಅವಳು ತಿರುಗುವುದಕ್ಕೆ ಎಷ್ಟು ಜಾಗ ಬೇಕು, ಎಲ್ಲವನ್ನೂ ಆ ಸವೆದ ಟೇಪಿನಿಂದ ಅಳೆದರು. ಇಳಿಜಾರಿಗೆ ಮಗ್ಗುಲಾಗಿ ಹೋಗಿ ಹಳ್ಳದ ಅಂಚಿನಲ್ಲಿ ಬಹಳ ಹೊತ್ತು ನಿಂತರು. ಮೇಲೆ ಬಂದು, "ಎಂಟಡಿ ಕೊಡ್ತೀನಿ ಅಮ್ಮ. ಅದಕ್ಕಿಂತ ಆಚೆ ಬೇಡ" ಅಂದರು.

"ಎಂಟಡಿಯಲ್ಲಿ ಕೆರೆ ಕಾಣಲ್ಲ. ಪಕ್ಕದ ಮನೆ ನೀರಿನ ಟ್ಯಾಂಕ್ ಕಾಣುತ್ತೆ."

"ಅದರಾಚೆ ಕಾಲುವೆ ಕಣಮ್ಮ. ಕಂಬ ಅದರೊಳಗೆ ನಿಲ್ಲುತ್ತೆ."

"ಎಲ್ಲಿದೆ ಕಾಲುವೆ? ಲಂಟಾನ ಇದೆ, ಪ್ಲಾಸ್ಟಿಕ್ ಕವರ್ ಇದೆ. ಮೂವತ್ತು ವರ್ಷದಲ್ಲಿ ನೀರು ಬಂದದ್ದು ಒಂದು ಸಲ."

"ಆ ಒಂದು ಸಲ ನೋಡಿದೀನಿ ನಾನು. ಕೆರೆ ಕೋಡಿ ಬಿದ್ದ ವರ್ಷ. ಬೆಳಗ್ಗೆ ಹಲ್ಲುಜ್ಜೋ ಹೊತ್ತಿಗೆ ಏನೂ ಇರ್ಲಿಲ್ಲ, ಕಾಫಿ ಕುಡಿಯೋ ಹೊತ್ತಿಗೆ ಸೊಂಟದ ಮಟ್ಟ. ಇವರು ಇಲ್ಲಿ ಕೂತಿರೋವಾಗ ಬಂದ್ರೆ? ನೀವು ಎದ್ದು ಓಡ್ತೀರಿ. ಇವರು?"

"ನಾನು ಈಜ್ತೀನಿ ಬಿಡಿ" ಅಂದಳು ತಂಗಿ.

ಅವರಿಬ್ಬರೂ ನಕ್ಕರು. ನಾನು ನಗಲಿಲ್ಲ. ಆ ಕ್ಷಣ ನನಗೆ ಎಂಥ ಹಟ ಬಂತೋ. ಒಳಗೆ ಹೋಗಿ ಬೀರುವಿನಿಂದ ನಮ್ಮ ಮನೆಯ ಹಳೆಯ ನಕ್ಷೆಯನ್ನು ತಂದು, ಅವರ ಮುಂದೆ ಬಿಡಿಸಿ ಹಿಡಿದೆ. ಹಿಂಭಾಗದ ಆ ಹತ್ತಡಿಯ ಮೇಲೆ ಬೆರಳಿಟ್ಟೆ.

"ಪ್ಲೀಸ್ ರೀಡ್ ಇಟ್" ಅಂದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ತಪ್ಪು ಮಾಡಿದ ಹುಡುಗಿಯರ ಜೊತೆ ಮಾತಾಡುತ್ತಿದ್ದ ತಣ್ಣನೆಯ ದನಿಯಲ್ಲಿ. "ಖಾಲಿ ಜಾಗ. ಇದು ಯಾರ ಕೈಬರಹ?"

ಅವರು ಕನ್ನಡಕ ಹಾಕಿಕೊಂಡು ಓದಿದರು. ಎರಡು ಪದ ಓದುವುದಕ್ಕೆ ಅಷ್ಟು ಹೊತ್ತು ಬೇಕಾಗಿರಲಿಲ್ಲ.

"ನಂದೇ."

"ಮತ್ತೆ? ನಿಮ್ಮ ನಕ್ಷೆಯನ್ನು ನೀವೇ ಒಪ್ಪಲ್ಲ ಅಂದ್ರೆ ನಾನು ಯಾರನ್ನು ನಂಬಬೇಕು?"

ತಂಗಿ, "ಅಕ್ಕಾ, ಸಾಕು" ಅಂದಳು. ಪ್ಲಾನಪ್ಪನವರು ಕೋಪ ಮಾಡಿಕೊಳ್ಳಲಿಲ್ಲ. ನಕ್ಷೆಯನ್ನು ಮಡಿಕೆಯ ಗುಂಟವೇ ಮಡಚಿ ನನ್ನ ಕೈಗೆ ಕೊಟ್ಟು, "ಅವತ್ತು ಬರೆದಿದ್ದು ತಪ್ಪು ಕಣಮ್ಮ. ಒಂದಲ್ಲ, ಈ ಸಾಲಿನಲ್ಲಿ ಎಲ್ಲಾ ಮನೆಗೂ ಬರೆದಿದೀನಿ. ಯಾರೂ ಇದುವರ್ಗೂ ಮುಂದೆ ಹಿಡಿದು ಕೇಳಿರ್ಲಿಲ್ಲ" ಅಂದರು. ಚಪ್ಪಲಿ ಹಾಕಿಕೊಂಡು ಹೊರಟರು. ನಾನು ಗೆದ್ದೆ ಅಂದುಕೊಂಡೆ.

ನಾಲ್ಕು ದಿನ ಬಿಟ್ಟು ರೂಮಿಗೆ ಕರೆದರು. ಕಂಪ್ಯೂಟರಿನ ಪರದೆಯ ಮೇಲೆ ನಮ್ಮ ಮನೆ. ಅಡುಗೆಮನೆಯ ಹಿಂದೆ ಎಂಟಡಿಯ ಡೆಕ್, ಆರು ಕಂಬ, ಸುತ್ತ ತಂಗಿಯ ಮೊಣಕೈ ಎತ್ತರಕ್ಕೇ ಕಟಕಟೆ. ಬಾಗಿಲ ಹೊಸಿಲು ಕಾಲಿಗೆ ಸಿಗದ ಹಾಗೆ ಹಲಗೆಯನ್ನು ಅದರ ಮಟ್ಟಕ್ಕೆ ಏರಿಸಿದ್ದರು. ಬಹಳ ಚೆಂದವಾಗಿತ್ತು. ಅದರಾಚೆ, ನಮ್ಮ ಸೈಟಿನ ಒಳಗೇ ಹಾದು ಹೋಗುವ ಹಾಗೆ, ಎರಡು ನೀಲಿ ಗೆರೆ. ನಡುವೆ 'ರಾಜಕಾಲುವೆ' ಎಂದು ಬರೆದಿತ್ತು.

ಇಂಜಿನಿಯರ್ ಪ್ಲಾನಪ್ಪನವರ ಮುಖ ನೋಡಿ, "ಸರ್, ಆ ಲೇಯರ್ ಆಫ್ ಮಾಡಿ ಅಪ್‌ಲೋಡ್ ಮಾಡ್ಬಿಡ್ಲಾ?" ಅಂದಳು. ಕಂಪ್ಯೂಟರಿನಲ್ಲಿ ನಕ್ಷೆಯನ್ನು ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಬರೆಯುತ್ತಾರಂತೆ. ಗೋಡೆಗೊಂದು, ಕಿಟಕಿಗೊಂದು, ನೀರಿಗೊಂದು. ಒಂದನ್ನು ಆಫ್ ಮಾಡಿದರೆ ಅದು ಇದ್ದೂ ಕಾಣುವುದಿಲ್ಲ. "ಡೆಕ್ಕು ಎಂಟಡೀನೇ ಇರ್ಲಿ. ನೀಲಿ ಒಂದು ತೆಗೆದ್ಬಿಟ್ರೆ ಒಂದು ವಾರದಲ್ಲಿ ಪಾಸಾಗುತ್ತೆ. ಎಲ್ಲಾರೂ ಹಾಗೇ ಮಾಡೋದು."

"ಆನ್ ಇರ್ಲಿ ತಾಯಿ."

"ಸರ್, ಹಳೇ ಪ್ಲಾನಲ್ಲಿ ಖಾಲಿ ಜಾಗ, ಹೊಸದರಲ್ಲಿ ಕಾಲುವೆ ಅಂದ್ರೆ ಸರ್ವೆಯೋರು ಬಂದೇ ಬರ್ತಾರೆ. ಕೆಳಗಡೆವರ್ಗೂ ಅಳೀತಾರೆ. ನಿಮ್ದು..."

"ಆನ್ ಇರ್ಲಿ ಅಂದೆ."

ಆಕೆ ಅಪ್‌ಲೋಡ್ ಒತ್ತಿದಳು. 'ನಿಮ್ದು' ಅಂದ ಮೇಲೆ ಏನು ಹೇಳಹೊರಟಿದ್ದಳು ಎಂದು ನಾನು ಕೇಳಲಿಲ್ಲ. ಕೇಳಿಸಿಕೊಳ್ಳುವುದೇ ಕಸುಬು ಅಂದೆನಲ್ಲ, ಆವತ್ತು ನನ್ನ ಕಿವಿಗೆ ಏನಾಗಿತ್ತು? ಎಂಟಡಿಯಾದರೂ ಪಾಸಾಗಲಿ ಸಾಕು ಅನ್ನುವ ಸಿಟ್ಟಿನಲ್ಲಿದ್ದೆ ನಾನು.

ಒಂದು ವಾರ ನಾಲ್ಕು ತಿಂಗಳಾಯಿತು. ಆಫೀಸಿನ ಕೌಂಟರಿನಲ್ಲಿ, "ಡೆಕ್ ಅಂದ್ರೆ ಹಡಗಲ್ಲಿ ಇರುತ್ತಲ್ಲ ಮೇಡಂ, ಅದಾ? ನಮ್ಮ ಫಾರಮಲ್ಲಿ ಆ ಕಾಲಮ್ಮೇ ಇಲ್ಲ" ಅಂದರು. ಪೋರ್ಟಿಕೋ ಅಂತ ಬರೆಯಲೋ ಬಾಲ್ಕನಿ ಅಂತ ಬರೆಯಲೋ ಎಂಬ ಚರ್ಚೆಗೇ ಎರಡು ಸಲ ಓಡಾಡಿದೆ. ಆಮೇಲೆ ಸರ್ವೆಯವರು ಬಂದರು. ಹಳೆಯ ಗ್ರಾಮನಕ್ಷೆ ಹಿಡಿದು, ಸರಪಳಿ ಎಳೆದು, ನಮ್ಮ ಸಾಲಿನ ಎಲ್ಲರ ಹಿತ್ತಲಲ್ಲೂ ಕೆಂಪು ಬಣ್ಣದ ಗುರುತು ಹಾಕಿದರು. ನಮ್ಮ ಮನೆಗಳೆಲ್ಲ ದಿಣ್ಣೆಯ ಮೇಲಿದ್ದವು. ಹೋದದ್ದು ಹಿತ್ತಲ ತುದಿ, ಯಾರದೋ ದನದ ಕೊಟ್ಟಿಗೆ, ಪಕ್ಕದ ಮನೆಯ ಒಗೆಯುವ ಕಲ್ಲು. ಆ ಕಲ್ಲಿನ ಒಡತಿ ಕಾಂಪೌಂಡಿನ ಮೇಲಿಂದ ಕೂಗಿ ಹೇಳಿದಳು: "ಹಡಗಿನ ಮೇಲೆ ಕೂತ್ಕೊಳ್ಳೋಕೆ ನಮ್ಮ ಒಗೆಯೋ ಕಲ್ಲು ನುಂಗಿದ್ರಲ್ಲ ಮೇಡಮ್ಮೋರೆ, ಚೆನ್ನಾಗಿರಿ!"

ನಾನು ಆ ಬಿಸಿಯಲ್ಲೇ ಪ್ಲಾನಪ್ಪನವರಿಗೆ ಫೋನ್ ಮಾಡಿ ಬೈದೆ. ನಿಮ್ಮಿಂದ ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ ಅಂದೆ. ನಿಮಗೇನು, ಗೆರೆ ಎಳೆದು ಕೈ ತೊಳ್ಕೊಂಡ್ರಿ ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, "ತಂಗ್ಯಮ್ಮ ಹೇಗಿದಾರೆ?" ಅಂದರು. ಇದೆಲ್ಲ ಬರೆಯಲು ನನಗೆ ನಾಚಿಕೆಯಾಗುತ್ತದೆ. ಬರೆಯದಿದ್ದರೆ ಇನ್ನೂ ನಾಚಿಕೆ.

ಮುಂದಿನ ತಿಂಗಳು ಇಂಜಿನಿಯರ್ ನಮ್ಮ ಮನೆಗೆ ಬಂದಳು. ಕೈಯಲ್ಲಿ ಪಾಸಾದ ಪ್ಲಾನು, ಮೇಲೆ ಸೀಲು. ನಾನು ಮಗುವಿನ ಹಾಗೆ ಚಪ್ಪಾಳೆ ತಟ್ಟಿದೆ. ಕಾಫಿ ತರುತ್ತೇನೆ ಕೂತುಕೋ ಅಂದೆ. ಆಕೆ ಕೂರಲಿಲ್ಲ. ತಂಗಿ ಒಳಗೆ ಮಲಗಿದ್ದಾಳೆಯೇ ಎಂದು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು.

"ಆಂಟಿ, ನಾಳೆ ಸರ್ ಮನೆ ಒಡೀತಾರೆ."

"ಯಾವ ಸರ್?"

"ನಮ್ಮ ಸರ್."

ಗುಡ್ ಗಾಡ್. ನಾನು ಕಾಫಿಪುಡಿಯ ಡಬ್ಬಿ ಹಿಡಿದುಕೊಂಡೇ ನಿಂತಿದ್ದೆ. ಅದೇ ಕಾಲುವೆ ನಮ್ಮ ಹಿತ್ತಲು ದಾಟಿ, ಮಗ್ಗದ ಶೆಡ್ಡುಗಳ ಹಿಂದೆ ತಿರುಗಿ, ಕೆಳಗೆ ಹೋಗುತ್ತದೆ. ಆ ತಿರುವಿನಲ್ಲೇ ಅವರ ಮನೆ. ಎಲ್ಲರಿಗೂ ಬರೆದ ಹಾಗೆ ತಮಗೂ 'ಖಾಲಿ ಜಾಗ' ಎಂದು ಬರೆದುಕೊಂಡು ಕಟ್ಟಿದ್ದರು. ಆಮೇಲೆ ಮಗಳ ಮದುವೆ ಹೊತ್ತಿಗೆ ಆ ಖಾಲಿ ಜಾಗದ ಮೇಲೆ ಅಡುಗೆಮನೆಯನ್ನೂ ಒಂದು ರೂಮನ್ನೂ ಬೆಳೆಸಿದ್ದರು. ನಮಗೆಲ್ಲ ಹಿತ್ತಲಿನ ತುಂಡು ಹೋಯಿತು. ಅವರಿಗೆ ಹೋಗುತ್ತಿದ್ದದ್ದು ಅರ್ಧ ಮನೆ. ಮೂವತ್ತು ವರ್ಷದ ಪರಿಚಯದಲ್ಲಿ ನಿಮ್ಮ ಮನೆ ಎಲ್ಲಿ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. ನಾಟ್ ಒನ್ಸ್.

"ಅವರಿಗೆ ಗೊತ್ತಿರ್ಲಿಲ್ವಾ?" ಅಂದೆ.

"ಆಂಟಿ, ನೀಲಿ ಗೆರೆ ಎಳೆದೋರು ಅವರೇ ಅಲ್ವಾ?"

ಬೆಳಗ್ಗೆ ತಂಗಿಗೆ ಬ್ಯಾಂಕಿಗೆ ಹೋಗುತ್ತೇನೆ ಎಂದು ಸುಳ್ಳು ಹೇಳಿ ಆಟೋ ಹತ್ತಿದೆ. ಗಲ್ಲಿಯ ತುದಿಯಲ್ಲಿ ಜೆಸಿಬಿ ನಿಂತಿತ್ತು. ಜನ ಇರಲಿಲ್ಲ, ಮಗ್ಗ ಬಿಟ್ಟು ಯಾರು ಬರುತ್ತಾರೆ. ಸಣ್ಣ ಹೆಂಚಿನ ಮನೆ. ಊರಿಗೆಲ್ಲ ಆರ್‌ಸಿಸಿ ತಾರಸಿ ಬರೆದವರ ಮನೆ ಹೆಂಚಿನದು. ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ಅಡುಗೆಮನೆಯ ಕೆಂಪು ನೆಲದ ಮೇಲೆ, ನಡುಮನೆಯ ಬಾಗಿಲಿಂದ ಶುರುವಾಗಿ ಒಲೆಕಟ್ಟೆಯ ಪಕ್ಕದಲ್ಲೇ ಹಾದು ಹಿಂದಿನ ಗೋಡೆಯವರೆಗೆ, ಸುಣ್ಣದ ಪುಡಿಯ ಬಿಳಿ ಗೆರೆ. ಅಷ್ಟು ನೇರವಾದ ಗೆರೆಯನ್ನು ಊರಲ್ಲಿ ಒಬ್ಬರೇ ಎಳೆಯಬಲ್ಲರು. ಒಡೆಯುವವರಿಗೆ ಗೊತ್ತಾಗಲಿ ಎಂದು ತಮ್ಮ ಮನೆಯ ಮೇಲೆ ತಾವೇ ಎಳೆದಿದ್ದರು.

ಜೆಸಿಬಿಯವನು ಇಳಿದು, ಜಗಲಿಯ ಮೇಲೆ ನಿಂತಿದ್ದ ಪ್ಲಾನಪ್ಪನವರ ಹತ್ತಿರ ಬಂದ. ಒಳ್ಳೆಯ ಹುಡುಗ. "ತಾತ, ಒಲೆಕಟ್ಟೆ ಗೆರೆಯಿಂದ ಒಂದೇ ಅಡಿ ಆಚೆ ಐತೆ. ಸಾಹೇಬ್ರು ಟೀ ಕುಡಿಯೋಕೆ ಹೋಗವ್ರೆ. ಬಿಟ್ಬಿಡ್ಲಾ?"

"ಬೇಡ ಕಣಪ್ಪ. ಪಕ್ಕದ ಯಮ್ಮನ ಮಗ್ಗದ ಶೆಡ್ಡು ಗೆರೆಯಿಂದ ಎರಡೇ ಅಡಿ ಈಚೆಗಿದೆ, ಅದಕ್ಕೇ ಉಳ್ಕೊಂಡಿದೆ. ನನ್ನದು ಒಂದಡಿ ಬಿಟ್ರೆ, ಗೆರೆ ಸುಳ್ಳು ಅಂತ ಆ ಯಮ್ಮನ ಶೆಡ್ಡನ್ನೂ ತೆಗೀತಾರೆ. ಗೆರೆ ಎಲ್ಲಿದೆಯೋ ಅಲ್ಲಿಗೇ."

ಅವರ ಹೆಂಡತಿ ಸ್ಟೀಲು ಪಾತ್ರೆಗಳ ಬುಟ್ಟಿ ಹಿಡಿದು ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವೇನಾ ಆ ಡೆಕ್ಕಿನ ಮನೆಯೋರು?"

ಹೌದು ಅಂದೆ.

"ಬಂದೋರ್ನ ಕೂತ್ಕೊಳಿ ಅನ್ನೋಣ ಅಂದ್ರೆ..." ಅಂದು ಸುತ್ತ ನೋಡಿ, ಮಾತು ಬಿಟ್ಟು, ಬುಟ್ಟಿಯನ್ನು ನನ್ನ ಕೈಗೆ ಕೊಟ್ಟರು. "ಇದನ್ನ ಸ್ವಲ್ಪ ಹಿಡ್ಕೊಳಿ."

ಹಿಡಿದುಕೊಂಡೆ. ಜೆಸಿಬಿಯ ಕೈ ಎದ್ದು ಹೆಂಚಿನ ಮೇಲೆ ಬಿದ್ದಾಗಲೂ ಹಿಡಿದುಕೊಂಡೇ ಇದ್ದೆ. ಪ್ರತಿ ಏಟಿಗೂ ಬುಟ್ಟಿಯೊಳಗೆ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಪ್ಲಾನಪ್ಪನವರು ಪಕ್ಕಕ್ಕೆ ಬಂದು ನಿಂತರು. ಕನ್ನಡಕದ ಮೇಲೆಲ್ಲ ಧೂಳು.

"ನಿಮಗೆ ಗೊತ್ತಿತ್ತು" ಅಂದೆ.

"ಗೊತ್ತಿತ್ತಮ್ಮ."

"ನನಗೆ ಯಾಕೆ ಹೇಳ್ಲಿಲ್ಲ? ಫೋನಿನಲ್ಲಿ ಅಷ್ಟು ಬೈದೆನಲ್ಲ, ಆಗಲಾದರೂ?"

"ಹೇಳಿದ್ರೆ ನೀವು ಡೆಕ್ಕೇ ಬೇಡ ಅಂದ್ಬಿಡೋರು ಕಣಮ್ಮ. ಆಮೇಲೆ ತಂಗ್ಯಮ್ಮ ಒಳಗೇ ಇರೋರು."

ಐ ವಾಸ್ ಸ್ಟನ್ಡ್. ಅವರು ಅದನ್ನು ಚುಚ್ಚುವುದಕ್ಕೆ ಹೇಳಲಿಲ್ಲ, ನಿಜವಾಗಿ ನಂಬಿ ಹೇಳಿದರು. ಹೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆನೇ? ಪ್ರತಿದಿನ ಕೇಳಿಕೊಳ್ಳುತ್ತೇನೆ. ಅನ್ನುತ್ತಿದ್ದೆ ಎಂದು ಒಂದು ದಿನ, ಇಲ್ಲ ಎಂದು ಹತ್ತು ದಿನ. ಲೇಯರ್ ಆಫ್ ಮಾಡಿ ಎಂದು ನಾನೇ ಮೊದಲು ಕೂಗಿರುತ್ತಿದ್ದೆನೋ ಏನೋ. ಆ ಮನುಷ್ಯ ನನ್ನ ಬಗ್ಗೆ ನನಗಿಂತ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿದ್ದರು, ಅದೂ ನಾನು ಅಷ್ಟೆಲ್ಲ ಅಂದ ಮೇಲೆ.

ಡೆಕ್ ಆಯಿತು. ದಾಬಸ್‌ಪೇಟೆಯವನು ನಕ್ಷೆ ಹೇಳಿದ ಹಾಗೆಯೇ ಕಂಬ ನಿಲ್ಲಿಸಿದ. ತಂಗಿ ವಾಕರ್ ಹಿಡಿದು ಹೊಸಿಲು ದಾಟಿದ ದಿನ ತುದಿಯವರೆಗೆ ಹೋಗಿ ಕಟಕಟೆಗೆ ಮೊಣಕೈ ಊರಿ ನಿಂತಳು. ಆಮೇಲೆ, "ಅಕ್ಕಾ, ಟ್ಯಾಂಕಿನ ಪಕ್ಕದಲ್ಲಿ ಒಂದು ಚೂರು ಕೆರೆ ಕಾಣುತ್ತೆ ಕಣೇ" ಅಂದಳು. ಆ ಪ್ಲಾನಪ್ಪೋರನ್ನ ಒಂದಿನ ಕಾಫಿಗೆ ಕರಿ ಅಂದಳು. ಕರೆಯುತ್ತೇನೆ ಅಂದೆ. ಆ ಮನೆಯ ವಿಷಯ ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಆ ಹಲಗೆಯ ಮೇಲೆ ಮತ್ತೆ ಕಾಲಿಡುತ್ತಿರಲಿಲ್ಲ, ಅವಳು ಅಂಥವಳು. ನಾಳೆ ಬೆಳಗ್ಗೆ ಇದನ್ನು ಅವಳಿಗೆ ಓದಿ ಹೇಳಬೇಕು. ಅದಕ್ಕೇ ಬರೆಯುತ್ತಿರುವುದು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಡೆಕ್ ಆಗಿ ಎರಡು ವಾರಕ್ಕೆ. ತಂಗಿಯನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿ ಆಟೋದಲ್ಲಿ ವಾಪಸ್ ಬರುತ್ತಿದ್ದೆ. ರಸ್ತೆ ಅಗೆದಿದ್ದರೆಂದು ಆಟೋದವನು ಮಗ್ಗದ ಶೆಡ್ಡುಗಳ ಗಲ್ಲಿಗೆ ತಿರುಗಿಸಿದ. ಅವರ ಮನೆಯ ಉಳಿದರ್ಧ ಹಾಗೇ ನಿಂತಿತ್ತು. ಹಿಂದಿನ ಗೋಡೆಯಿಲ್ಲ, ಮುಂದಿನ ರೂಮಿನೊಳಗಿಂದ ಆಚೆಯ ಬೆಳಕು ನೇರ ರಸ್ತೆಗೆ ಬೀಳುತ್ತಿತ್ತು. ಜಗಲಿಯ ಮೇಲೆ ಅವರ ಹೆಂಡತಿ ಸ್ಟೋವ್ ಹಚ್ಚಿಕೊಂಡಿದ್ದರು. ಪ್ಲಾನಪ್ಪನವರು ಬಾಗಿಲಲ್ಲಿ ಮಣೆ ಹಾಕಿಕೊಂಡು ತಟ್ಟೆ ಮುಂದಿಟ್ಟುಕೊಂಡು ಊಟಕ್ಕೆ ಕೂತಿದ್ದರು. ಆಟೋ ಗುಂಡಿ ನೋಡಿ ನಿಧಾನವಾಯಿತು. ಅವರು ತಲೆ ಎತ್ತಿದರು, ನನ್ನನ್ನು ಕಂಡರು, ಎಂಜಲು ಕೈಯನ್ನು ಹಿಂದಿಟ್ಟುಕೊಂಡು ಎಡಗೈ ಎತ್ತಿದರು.

"ಮೇಡಂ, ಗೊತ್ತಿರೋರಾ? ನಿಲ್ಲಿಸ್ಲಾ?" ಅಂದ ಆಟೋದವನು.

"ಬೇಡ, ಹೋಗು."

ತಂಗಿ ನನ್ನ ಆಚೆ ಬದಿಗೆ ಕೂತಿದ್ದಳು, ಮನೆಯೊಳಗಿಂದ ಬರುವ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು, ಅವಳಿಗೆ ಎತ್ತಿದ ಕೈಯೊಂದು ಕಂಡಿತ್ತು ಅಷ್ಟೇ. "ಯಾರೇ ಅಕ್ಕ ಅದು, ಕೈ ಎತ್ತಿದ್ದು?"

"ಯಾರೋ" ಅಂದೆ. "ಗೊತ್ತಿಲ್ಲ."